ಧರ್ಮದಂಡನೆಯ ಭಯಾನಕ ಚಿತ್ರಗಳಲ್ಲಿ ಆರೋಪಿತೆಯ ಮುಖ

ಯೂರೋಪು ಖಂಡದಲ್ಲಿ ಹದಿನೈದನೆಯ ಶತಮಾನದ ಮಧ್ಯಭಾಗದಿಂದ ಹದಿನೆಂಟನೆಯ ಶತಮಾನದ ಮಧ್ಯಭಾಗದವರೆಗೆ, ಸೈತಾನನೊಡನೆ ಒಡಂಬಡಿಕೆ ಮಾಡಿಕೊಂಡು ನೆರೆಹೊರೆಯವರಿಗೆ ಕೇಡು ಬಗೆದರೆಂಬ ಆರೋಪದ ಮೇಲೆ ಸುಮಾರು ೪೦,೦೦೦ದಿಂದ ೬೦,೦೦೦ ಜನರು ಮರಣದಂಡನೆಗೆ ಗುರಿಯಾದರೆಂದು ಈಚಿನ ಚರಿತ್ರಕಾರರು ಲೆಕ್ಕ ಹಾಕಿರುತ್ತಾರೆ. ಇವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಆದರೆ ಈ ಪ್ರಮಾಣವು ಎಲ್ಲ ದೇಶಗಳಿಗೂ ಒಂದೇ ಆಗಿರಲಿಲ್ಲ. ಐಸ್‌ಲೆಂಡಿನಲ್ಲಿ ಸುಡಲ್ಪಟ್ಟವರು ಬಹುಮಟ್ಟಿಗೆ ಗಂಡಸರು. ಫ್ರಾನ್ಸಿನ ನಾರ್ಮಂಡಿ ಪ್ರಾಂತದಲ್ಲಿಯೂ ಗಂಡಸರೇ ಹೆಚ್ಚು, ಅವರಲ್ಲಿ ಕುರಿ ಕಾಯುವವರೂ ಅನೇಕರು. ನಾರ್ವೆಯ ಉತ್ತರದಂಚಿನ ಫಿನ್‌ಮಾರ್ಕಿನಲ್ಲಿ ಸಾಮಿ ಎಂಬ ಮೂಲನಿವಾಸಿಗಳ ಗಂಡಸರು ತಮ್ಮ ಪೂರ್ವಿಕರ ಡೋಲನ್ನು ಬಾರಿಸಿದರೆಂಬ ಕಾರಣದಿಂದಲೂ ವಿಚಾರಣೆಗೆ ಒಳಗಾದರು. ಮುದುಕಿಯರು, ವಿಧವೆಯರು, ಭಿಕ್ಷುಕಿಯರು, ಸೂಲಗಿತ್ತಿಯರು, ಪಾದ್ರಿಗಳು, ಎಳೆಯ ಮಕ್ಕಳು, ಕೊಂಡುತಂದ ಗುಲಾಮರು, ಇವರೆಲ್ಲರೂ ಆ ಪಟ್ಟಿಯಲ್ಲಿ ಇದ್ದಾರೆ.

ಇವರಲ್ಲಿ ಬಹುಮಂದಿ ತಮ್ಮ ಕೈಯಿಂದ ಬರೆದಿಟ್ಟುದು ಒಂದಕ್ಷರವೂ ಇಲ್ಲ. ಬಾಂಬರ್ಗಿನ ನಗರಾಧಿಕಾರಿಯಾಗಿದ್ದ ಯೋಹಾನ್ನೆಸ್ ಯೂನಿಯಸ್ ೧೬೨೮ರಲ್ಲಿ ಸೆರೆಮನೆಯಿಂದ ಮಗಳಿಗೆ ಬರೆದ ಕಾಗದವು ಉಳಿದುಬಂದಿದೆ. ಚಿತ್ರಹಿಂಸೆಯಿಂದ ಜರ್ಜರಿತವಾದ ಕೈಗಳಿಂದ ಅದನ್ನು ಬರೆದನು. ಆದರೆ ಅವನು ಓದುಬರಹ ಬಲ್ಲ ಶ್ರೀಮಂತ. ಉಳಿದವರ ಮಾತು ನಮಗೆ ದೊರೆತಿರುವುದು ವಿಚಾರಣೆಯ ಗುಮಾಸ್ತನ ಲೇಖನಿಯ ಮೂಲಕ, ಅಂದರೆ ಕೊಂದವರ ಕೈಬರಹದಲ್ಲಿ. ಈ ವಸ್ತುವನ್ನು ಎತ್ತಿಕೊಳ್ಳುವ ಚಲಚ್ಚಿತ್ರಕಾರನು ಮೊದಲಿನಿಂದಲೇ ಈ ಕೊರತೆಯನ್ನು ಹೊತ್ತು ಹೊರಡಬೇಕಾಗುತ್ತದೆ. ಕನ್ನಡದ ಬಳಕೆಯಲ್ಲಿಯೂ ಇದೇ ತೊಡಕು ಇದೆಯೆಂಬುದನ್ನು ಇಲ್ಲಿ ಹೇಳಬಹುದು. ಈ ಜನರನ್ನು ಮಾಟಗಾತಿಯರೆಂದು ಕರೆಯುವುದು ವಾಡಿಕೆ. ಮಾಟ ಮಾಡುವವಳೇ ಮಾಟಗಾತಿಯಾದುದರಿಂದ ಆ ಹೆಸರಿನ ಹೊಟ್ಟೆಯಲ್ಲಿಯೇ ತೀರ್ಪು ಅಡಗಿದೆ. ಆದಕಾರಣ ಈ ಲೇಖನದಲ್ಲಿ ಆರೋಪಿತೆ ಎಂಬ ಶಬ್ದವನ್ನೇ ಬಳಸಿದೆ.

ಇಂಥ ಚಿತ್ರಗಳಲ್ಲಿ ಯಾರ ಪ್ರಾತಿನಿಧ್ಯ ಎಷ್ಟು ಎಂಬ ಪ್ರಶ್ನೆಯನ್ನು ಈಚೆಗೆ ವಿಮರ್ಶಕರು ಹೆಚ್ಚಾಗಿ ಎತ್ತುತ್ತಿದ್ದಾರೆ. ಅದನ್ನು ಬರಿಯ ತಲೆಯೆಣಿಕೆಯಿಂದ ಬಗೆಹರಿಸಲಾಗದು. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕರಸದ ವಿಭಾವಗಳನ್ನು ಎಣಿಸುವಾಗ ಎರಡು ಬಗೆಯ ಸಂಗತಿಗಳನ್ನು ಒಂದೇ ಸಾಲಿನಲ್ಲಿ ಇಟ್ಟಿರುವನು. ವಿಕಾರವಾದ ಕೂಗು, ಭೂತಾದಿಗಳ ದರ್ಶನ, ನರಿ ಗೂಬೆಗಳಿಂದಾಗುವ ಅಂಜಿಕೆ, ಪಾಳುಮನೆ, ಅಡವಿ, ಇವು ಒಂದು ಬಗೆ. ಸ್ವಜನರ ವಧೆಯನ್ನೋ ಬಂಧನವನ್ನೋ ಕಾಣುವುದು, ಕೇಳುವುದು, ಅದರ ಮಾತೆತ್ತುವುದು, ಇದು ಇನ್ನೊಂದು ಬಗೆ. ಧರ್ಮದಂಡನೆಯನ್ನು ವಸ್ತುವಾಗಿ ಉಳ್ಳ ಭಯಾನಕ ಚಿತ್ರಕ್ಕೆ ಈ ಎರಡು ದಾರಿಗಳೂ ತೆರೆದಿವೆ. ಆರೋಪಿತೆಯನ್ನೇ ಭೂತದರ್ಶನವಾಗಿ ಮಾಡಿದರೆ ಪ್ರೇಕ್ಷಕನು ತನಗರಿಯದಂತೆ ನ್ಯಾಯಾಧೀಶನ ಪೀಠದಲ್ಲಿ ಕುಳಿತುಕೊಳ್ಳುತ್ತಾನೆ. ಆಕೆಯ ಬಂಧನವನ್ನು ಸ್ವಜನರ ಬಂಧನವಾಗಿ ತೋರಿಸಿದರೆ ಭಯದ ಆಲಂಬನವು ಬಂಧಿಸುವವನಿಗೆ ವರ್ಗವಾಗುತ್ತದೆ. ಹೀಗಿರುವಲ್ಲಿ ಎಲ್ಲವೂ ಸ್ವಜನ ಎಂಬ ಒಂದು ಶಬ್ದದ ಮೇಲೆ ನಿಂತಿದೆ. ಪ್ರೇಕ್ಷಕನು ಯಾರನ್ನು ತನ್ನವಳೆಂದು ಬಗೆಯಬಲ್ಲನೆಂದು ಚಿತ್ರಕಾರನು ನಂಬಿದ್ದಾನೆ? ಪ್ರಾತಿನಿಧ್ಯದ ಪರೀಕ್ಷೆ ನಡೆಯಬೇಕಾದುದು ಇಲ್ಲಿ.

ಇದಕ್ಕೆ ಇಂಗ್ಲೆಂಡಿನ ಉದಾಹರಣೆಯೊಂದು ಬಹಳ ಉಪಯುಕ್ತವಾದುದು. ಏಕೆಂದರೆ ಅಲ್ಲಿ ದಾಖಲೆಯೂ ಚಿತ್ರವೂ ಅಕ್ಕಪಕ್ಕದಲ್ಲಿಟ್ಟು ನೋಡುವಷ್ಟು ಸ್ಪಷ್ಟವಾಗಿವೆ. ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ೧೬೪೫ರಿಂದ ೧೬೪೭ರವರೆಗೆ, ಮ್ಯಾಥ್ಯೂ ಹಾಪ್‌ಕಿನ್ಸ್ ಎಂಬವನು ಜಾನ್ ಸ್ಟರ್ನ್ ಎಂಬ ಸಹಾಯಕನೊಡನೆ ಪೂರ್ವ ಇಂಗ್ಲೆಂಡಿನ ಊರೂರು ತಿರುಗಿ ಆರೋಪಿತೆಯರನ್ನು ಹುಡುಕುವ ಕೆಲಸವನ್ನು ಕೈಕೊಂಡನು. ಕಡಮೆಯೆಂದರೆ ೧೦೦ ಜನರು ಇವನ ಕಾರ್ಯದಿಂದ ನೇಣುಗಂಬವನ್ನೇರಿದರು. ಇದು ಪುಕ್ಕಟೆಯಾಗಿ ನಡೆದ ಧರ್ಮಸೇವೆಯೂ ಅಲ್ಲ. ಸ್ಟೋಮಾರ್ಕೆಟ್ ಎಂಬ ಒಂದು ಊರಿಗೇ ೨೩ ಪೌಂಡು ವೆಚ್ಚ ತಗುಲಿತು. ಇವನ ಕೈಗೆ ಮೊದಲು ಸಿಕ್ಕವಳು ಮ್ಯಾನಿಂಗ್‌ಟ್ರೀ ಎಂಬ ಊರಿನ ಎಲಿಜಬೆತ್ ಕ್ಲಾರ್ಕ್. ಆಕೆ ಎಂಬತ್ತು ವರ್ಷದ ಆಸುಪಾಸಿನ ವಿಧವೆ, ಒಂದೇ ಕಾಲಿನವಳು, ಕಡುಬಡವಿ. ಆಕೆಯ ತಾಯಿಯೂ ಇದೇ ಆರೋಪದ ಮೇಲೆ ಹಿಂದೆ ಸತ್ತಿದ್ದಳೆಂದು ಸಾಕ್ಷಿಗಳು ನುಡಿದರು. ಅದೇ ಊರಿನ ಜಾನ್ ರಿವೆಟ್ ಎಂಬ ದರ್ಜಿಯ ಹೆಂಡತಿ ಕಾಯಿಲೆ ಬಿದ್ದುದೇ ದೂರಿಗೆ ಮೂಲ. ಮುದುಕಿಯನ್ನು ಹಲವು ರಾತ್ರಿ ನಿದ್ದೆಗೆಡಿಸಿ ಕೂಡಿಸಿದರು. ಕೊನೆಗೆ ಆಕೆ ತನ್ನ ಸೇವಕಭೂತಗಳ ಹೆಸರುಗಳನ್ನು ಹೇಳಿದಳು. ಅವುಗಳಲ್ಲಿ ಒಂದರ ಹೆಸರು ವಿನೆಗರ್ ಟಾಮ್. ೧೬೪೭ರಲ್ಲಿ ಹಾಪ್‌ಕಿನ್ಸನು ಪ್ರಕಟಿಸಿದ ಚಿಕ್ಕ ಪುಸ್ತಕದ ಮೊದಲ ಪುಟದಲ್ಲಿ ಅಚ್ಚಾದ ಚಿತ್ರದಲ್ಲಿ ಆಕೆ ಕುಳಿತಿದ್ದಾಳೆ, ಸುತ್ತಲೂ ಆ ವಿಚಿತ್ರ ಪ್ರಾಣಿಗಳಿವೆ, ಮೇಲೆ ಹಾಪ್‌ಕಿನ್ಸನು ಹ್ಯಾಟು ಧರಿಸಿ ನಿಂತಿದ್ದಾನೆ. ಆಕೆಯ ಮೊತ್ತಮೊದಲ ಚಿತ್ರವನ್ನು ಬರೆಯಿಸಿದವನು ಹೀಗೆ ಆಕೆಯ ಬೇಟೆಗಾರನೇ.

ಈ ಚರಿತ್ರೆಯನ್ನು ಆಧರಿಸಿ ರಾನಲ್ಡ್ ಬ್ಯಾಸೆಟ್ ೧೯೬೬ರಲ್ಲಿ ಬರೆದ ಕಾದಂಬರಿಯಿಂದ ಮೈಕೇಲ್ ರೀವ್ಸ್ ಎಂಬ ತರುಣನು ೧೯೬೮ರಲ್ಲಿ 'ವಿಚ್‌ಫೈಂಡರ್ ಜನರಲ್' ಎಂಬ ಚಿತ್ರವನ್ನು ನಿರ್ದೇಶಿಸಿದನು. (ಮರುವರ್ಷವೇ, ತನ್ನ ೨೫ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.) ಭಯಾನಕ ಚಿತ್ರಗಳಲ್ಲಿ ಇದಕ್ಕೆ ದೊಡ್ಡ ಸ್ಥಾನವಿರುವುದು ನ್ಯಾಯವಾಗಿದೆ. ಇಡೀ ಚಿತ್ರದಲ್ಲಿ ಒಂದು ದೆವ್ವವಾಗಲಿ ಒಂದು ಮಂತ್ರವಾಗಲಿ ಇಲ್ಲ. ಹಸುರು ಹೊಲಗಳು, ಬೀಸುವ ಗಾಳಿ, ಬಡಗಿಯ ಸುತ್ತಿಗೆಯ ಸದ್ದು. ಕಿರಿಚುತ್ತಿರುವ ಹೆಂಗಸೊಬ್ಬಳನ್ನು ಗುಡ್ಡದ ಮೇಲಿನ ನೇಣುಗಂಬಕ್ಕೆ ಎಳೆದುಕೊಂಡು ಹೋಗುತ್ತಾರೆ. ಚಿತ್ರವು ಆರಂಭವಾಗುವುದೇ ಹೀಗೆ. ಭಯವನ್ನು ಎಲ್ಲಿಡಬೇಕೋ ರೀವ್ಸನು ಅಲ್ಲಿಯೇ ಇಟ್ಟಿದ್ದಾನೆ.

ಆದರೆ ಎಲಿಜಬೆತ್ ಕ್ಲಾರ್ಕಳ ಗತಿ ಏನಾಯಿತೆಂಬುದನ್ನು ನೋಡಬೇಕು. ಅದೇ ಹೆಸರಿನ ಪಾತ್ರವು ಚಿತ್ರದಲ್ಲಿದೆ. ಅಲ್ಲಿ ಅವಳು ಎರಡು ಕಾಲುಗಳೂ ನೆಟ್ಟಗಿರುವ, ನೋಡಲು ಚೆಲುವೆಯಾದ ತರುಣಿ. ಲ್ಯಾವನಂ ಪಟ್ಟಣದ ಸಂತೆಯ ಬಯಲಿನಲ್ಲಿ ಅವಳನ್ನು ಏಣಿಗೆ ಕಟ್ಟಿ ಉರಿಯುವ ಬೆಂಕಿಯೊಳಕ್ಕೆ ಇಳಿಸುತ್ತಾರೆ. ಇಂಗ್ಲೆಂಡಿನ ಕಾನೂನಿನಲ್ಲಿ ಈ ಅಪರಾಧಕ್ಕೆ ನೇಣೇ ಹೊರತು ಬೆಂಕಿಯಲ್ಲ. ಇಪ್ಸ್‌ವಿಚ್‌ನಲ್ಲಿ ೧೬೪೫ರಲ್ಲಿ ಸುಡಲ್ಪಟ್ಟ ಮೇರಿ ಲೇಕ್‌ಲೆಂಡ್ ಎಂಬವಳಿಗೆ ಆ ದಂಡನೆ ದೊರೆತುದು ಗಂಡನನ್ನು ಕೊಂದಳೆಂಬ ಕಾರಣದಿಂದ, ಏಕೆಂದರೆ ಪತಿಹತ್ಯೆಯು ಅಂದಿನ ಕಾನೂನಿನಲ್ಲಿ ಒಂದು ಬಗೆಯ ರಾಜದ್ರೋಹವಾಗಿದ್ದಿತು. ಹಾಪ್‌ಕಿನ್ಸನ ವಯಸ್ಸು ಕೂಡ ಬದಲಾಗಿದೆ. ಚರಿತ್ರೆಯ ಹಾಪ್‌ಕಿನ್ಸನಿಗೆ ಆಗ ಸುಮಾರು ಇಪ್ಪತ್ತೈದು ವರ್ಷ. ಚಿತ್ರದಲ್ಲಿ ಆ ಪಾತ್ರವನ್ನು ಧರಿಸಿದ ವಿನ್ಸೆಂಟ್ ಪ್ರೈಸನಿಗೆ ಐವತ್ತಾರು. ಚರಿತ್ರೆಯವನು ೧೬೪೭ರ ಆಗಸ್ಟಿನಲ್ಲಿ ಹುಟ್ಟೂರಿನ ಕಡೆಯಲ್ಲಿ ರೋಗದಿಂದ ಸತ್ತು ಮಿಸ್ಲಿಯ ಇಗರ್ಜಿಯಲ್ಲಿ ಹೂಳಲ್ಪಟ್ಟನು. ಚಿತ್ರದವನು ಕೊಡಲಿಯ ಏಟುಗಳನ್ನು ತಿಂದು ಕೊನೆಗೆ ಸೈನಿಕನೊಬ್ಬನ ಗುಂಡಿಗೆ ಸಾಯುತ್ತಾನೆ.

ಚಲಚ್ಚಿತ್ರವು ಇತಿಹಾಸಗ್ರಂಥವಲ್ಲ, ಬದಲಾವಣೆಗಳಿಗೆ ಅಲ್ಲಿ ಅವಕಾಶವಿರಬೇಕು ಎಂಬ ಆಕ್ಷೇಪವು ಸರಿಯಾದುದೇ. ಕಾಲ್ಪನಿಕ ಪಾತ್ರಗಳನ್ನು ಕೂಡಿಸಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಬದಲಾವಣೆಗಳೆಲ್ಲವೂ ಒಂದೇ ದಿಕ್ಕಿಗೆ ವಾಲಿದಾಗ ಅದರ ಕಾರಣವನ್ನು ಕೇಳಬೇಕಾಗುತ್ತದೆ. ಮುದುಕಿ ತರುಣಿಯಾಗುತ್ತಾಳೆ, ಯುವಕನು ಮುದುಕನಾಗುತ್ತಾನೆ. ಹಾಗಾದಾಗ ಇಡೀ ದಂಡನೆಯು ಒಬ್ಬ ಕಾಮುಕ ವೃದ್ಧನ ದುಷ್ಟತನವಾಗಿ ಸಂಕೋಚಗೊಳ್ಳುತ್ತದೆ. ದರ್ಜಿಯ ದೂರು, ಕಾಯಿಲೆಯ ಹೆಂಡತಿ, ನೆರೆಮನೆಯ ಹಳೆಯ ಜಗಳ, ಊರಿನವರು ತೆತ್ತ ಹಣ, ಇವು ಹಿನ್ನೆಲೆಗೆ ಸರಿಯುತ್ತವೆ. ಚಿತ್ರದಲ್ಲಿ ದುಃಖಕ್ಕೆ ಪಾತ್ರನಾಗುವ ದಂಡಿತನೆಂದರೆ ಮುಖ್ಯವಾಗಿ ಜಾನ್ ಲೋಸ್ ಎಂಬ ಪಾದ್ರಿ. ಇವನು ನಿಜವಾಗಿ ಇದ್ದವನೇ. ಬ್ರ್ಯಾಂಡೆಸ್ಟನ್ ಗ್ರಾಮದ ಈ ಪಾದ್ರಿಯನ್ನು ೧೬೪೫ರಲ್ಲಿ, ಸುಮಾರು ಎಂಬತ್ತರ ವಯಸ್ಸಿನಲ್ಲಿ, ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣದಲ್ಲಿ ನೇಣಿಗೆ ಹಾಕಿದರು. ತನ್ನ ಶವಸಂಸ್ಕಾರದ ಪ್ರಾರ್ಥನೆಯನ್ನು ತಾನೇ ಓದಿಕೊಂಡು ಸತ್ತನೆಂದು ಪ್ರಸಿದ್ಧಿಯಿದೆ. ಅಂದು ಅಲ್ಲಿ ಸತ್ತ ೧೮ ಜನರಲ್ಲಿ ೧೬ ಮಂದಿ ಹೆಂಗಸರು. ಪಾದ್ರಿಯ ಮುಪ್ಪು ಚಿತ್ರದಲ್ಲಿ ಉಳಿದುಕೊಂಡಿತು, ಮುದುಕಿಯ ಮುಪ್ಪು ಉಳಿಯಲಿಲ್ಲ. ಒಂಟಿಕಾಲಿನ ಬಡಮುದುಕಿಯನ್ನು ಪ್ರೇಕ್ಷಕನು ಸ್ವಜನವೆಂದು ಎಣಿಸಲಾರನೆಂಬ ಅನುಮಾನವು ಈ ಆಯ್ಕೆಯ ಬುಡದಲ್ಲಿ ಇದೆಯೆಂದು ತೋರುತ್ತದೆ. ಆದರೂ ಒಂದು ದೃಶ್ಯಕ್ಕಾಗಿ ರೀವ್ಸನನ್ನು ಮೆಚ್ಚಲೇಬೇಕು. ಎಲಿಜಬೆತ್ತಳನ್ನು ಸುಟ್ಟಮೇಲೆ ಊರಿನ ಮಕ್ಕಳು ಅದೇ ಕೆಂಡದ ಬೂದಿಯಲ್ಲಿ ಆಲೂಗಡ್ಡೆ ಬೇಯಿಸಿಕೊಳ್ಳುತ್ತಾರೆ. ಊರಿನ ಪಾಲು ಎಷ್ಟೆಂಬುದನ್ನು ಆ ಒಂದು ನೋಟವು ಹೇಳಿಬಿಡುತ್ತದೆ.

ವಯಸ್ಸು ಮತ್ತು ಅಂಗದ ವಿಷಯದಲ್ಲಿ ಇಂಗ್ಲೆಂಡಿನ ಚಿತ್ರಕ್ಕೆ ಆದುದೇ ವರ್ಣದ ವಿಷಯದಲ್ಲಿ ಅಮೆರಿಕದ ಚಿತ್ರಗಳಿಗೆ ಆಗಿದೆ. ಮ್ಯಾಸಚೂಸೆಟ್ಸ್ ಪ್ರಾಂತದ ಸೇಲಂ ಗ್ರಾಮದಲ್ಲಿ (ತಮಿಳುನಾಡಿನ ಸೇಲಮಿಗೂ ಇದಕ್ಕೂ ಸಂಬಂಧವಿಲ್ಲ) ೧೬೯೨ರಲ್ಲಿ ನಡೆದ ವಿಚಾರಣೆಗಳಿಂದ ೧೯ ಜನರು ನೇಣಿಗೇರಿದರು. ಜೈಲ್ಸ್ ಕೋರಿ ಎಂಬ ಮುದುಕನನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಮೊದಲು ಬಂಧಿತರಾದ ಮೂವರು ಹೆಂಗಸರಲ್ಲಿ ಸಾರಾ ಗುಡ್ ತಿರಿದುಣ್ಣುವವಳು, ಸಾರಾ ಆಸ್‌ಬರ್ನ್ ಹಾಸಿಗೆ ಹಿಡಿದವಳು, ಮೂರನೆಯವಳಾದ ಟಿಟ್ಯೂಬಾ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸನ ಮನೆಯ ಗುಲಾಮಳು. ಅಂದಿನ ದಾಖಲೆಗಳಲ್ಲಿ ಇವಳನ್ನು ಇಂಡಿಯನ್ ಹೆಂಗಸು, ಎಂದರೆ ಅಮೆರಿಕ ಖಂಡದ ಮೂಲನಿವಾಸಿ ಎಂದೇ ಕರೆದಿದೆ. ಆದರೆ ಕವಿ ಲಾಂಗ್‌ಫೆಲೋ ೧೮೬೮ರಲ್ಲಿ ಪ್ರಕಟಿಸಿದ ನಾಟಕದಲ್ಲಿ ಅವಳ ತಂದೆ ಕರಿಯನಾದನು. ೧೯೩೭ರಲ್ಲಿ ಫ್ರಾಂಕ್ ಲಾಯ್ಡ್ ನಿರ್ದೇಶಿಸಿದ 'ಮೇಡ್ ಆಫ್ ಸೇಲಂ' ಚಿತ್ರದಲ್ಲಿ ಆ ಪಾತ್ರವನ್ನು ಮೇಡಮ್ ಸುಲ್-ಟಿ-ವಾನ್ ಎಂಬ ಆಫ್ರಿಕಮೂಲದ ನಟಿಗೆ ಕೊಟ್ಟರು. ಆರ್ಥರ್ ಮಿಲ್ಲರನ ೧೯೫೩ರ ನಾಟಕದಲ್ಲಿಯೂ ಅದರಿಂದಾದ ೧೯೯೬ರ ಚಿತ್ರದಲ್ಲಿಯೂ ಅವಳು ಕರಿಯ ಗುಲಾಮಳೇ. ಈ ರೂಪಾಂತರವನ್ನು ಚ್ಯಾಡ್ವಿಕ್ ಹ್ಯಾನ್ಸೆನ್ ಎಂಬ ವಿದ್ವಾಂಸರು ೧೯೭೪ರಲ್ಲಿ ಹೆಜ್ಜೆಹೆಜ್ಜೆಯಾಗಿ ಗುರುತಿಸಿ ತೋರಿಸಿದರು. ಎಲೇನ್ ಬ್ರೆಸ್ಲಾ ಎಂಬವರು ೧೯೯೬ರಲ್ಲಿ ಅವಳ ಮೂಲವನ್ನು ದಕ್ಷಿಣ ಅಮೆರಿಕದ ಮೂಲನಿವಾಸಿಗಳಲ್ಲಿ ಹುಡುಕಿದರು.

೧೯೯೬ರ ಚಿತ್ರವನ್ನು ಭಯಾನಕದ ಜಾತಿಗೆ ಸೇರಿಸುವುದು ಕಷ್ಟ. ಆದರೂ ಅದರ ಮೊದಲ ದೃಶ್ಯವು ಆ ಜಾತಿಯಿಂದಲೇ ಎರವಲು ಬಂದುದು. ನಾಟಕದಲ್ಲಿ ಹುಡುಗಿಯರು ಕಾಡಿನಲ್ಲಿ ಕುಣಿದರೆಂಬುದು ಮಾತಿನಲ್ಲಿ ಮಾತ್ರ ಬರುತ್ತದೆ. ಚಿತ್ರದಲ್ಲಿ ಅದು ಕಣ್ಣೆದುರಿಗೇ ನಡೆಯುತ್ತದೆ. ಬೆಳಗಿನ ಜಾವದ ಕಾಡು, ಕುದಿಯುವ ಪಾತ್ರೆ, ಕೋಳಿಯ ರಕ್ತ, ನಡುವೆ ಟಿಟ್ಯೂಬಾ. ೧೬೯೨ರ ದಾಖಲೆಗಳಲ್ಲಿ ಅವಳ ನೇತೃತ್ವದ ಇಂಥ ಕುಣಿತದ ಸುಳಿವೇ ಇಲ್ಲ. ಒಬ್ಬ ನಟಿಗೆ ಪಾತ್ರ ದೊರೆಯಿತು, ಒಂದು ಜನಾಂಗದ ಮುಖವು ತೆರೆಯ ಮೇಲೆ ಕಂಡಿತು ಎಂಬುದು ತಲೆಯೆಣಿಕೆಯಲ್ಲಿ ಲಾಭವೆನಿಸಬಹುದು. ಆದರೆ ಆ ಮುಖವನ್ನು ನಿಲ್ಲಿಸಿದುದು ಪಾಳುಮನೆ ಅಡವಿಗಳ ಸಾಲಿನಲ್ಲಿ. ಪ್ಯಾರಿಸನು ಹೊಡೆದು ತಪ್ಪೊಪ್ಪಿಗೆ ಹೇಳಿಸಿದನೆಂದು ಟಿಟ್ಯೂಬಾ ಅನಂತರ ತಿಳಿಸಿದಳೆಂದು ರಾಬರ್ಟ್ ಕ್ಯಾಲೆಫ್ ೧೭೦೦ರಲ್ಲಿ ಅಚ್ಚಾದ ಗ್ರಂಥದಲ್ಲಿ ಬರೆದಿದ್ದಾನೆ. ಅವಳು ನೇಣಿನಿಂದ ಉಳಿದಳು. ಸೆರೆಮನೆಯ ಖರ್ಚನ್ನು ಯಜಮಾನನು ತೆರದಿದ್ದುದರಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಒಳಗೇ ಇದ್ದು ಕೊನೆಗೆ ಬೇರೆಯವರಿಗೆ ಮಾರಲ್ಪಟ್ಟಳು.

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಸೇಲಮಿನ ವಿಚಾರಣೆಗಳಲ್ಲಿ ನಿಜವಾಗಿಯೂ ಕರಿಯ ಗುಲಾಮರೆಂದು ದಾಖಲಾದ ಹೆಂಗಸರು ಇದ್ದರು. ಒಬ್ಬಳು ಮೇರಿ ಬ್ಲ್ಯಾಕ್, ಇನ್ನೊಬ್ಬಳು ಬಾರ್ಬಡೋಸ್ ದ್ವೀಪದಿಂದ ಬಂದ ಕ್ಯಾಂಡಿ. ತಾನು ತನ್ನ ದೇಶದಲ್ಲಿ ಇಂಥವಳಾಗಿರಲಿಲ್ಲ, ಇಲ್ಲಿ ಒಡತಿಯೇ ತನ್ನನ್ನು ಹಾಗೆ ಮಾಡಿದಳು ಎಂಬ ಅರ್ಥದ ಉತ್ತರವನ್ನು ಕ್ಯಾಂಡಿ ನ್ಯಾಯಾಧೀಶರಿಗೆ ಕೊಟ್ಟಳು. ಗುಲಾಮಳೊಬ್ಬಳು ನ್ಯಾಯಸ್ಥಾನದ ನಡುವೆ ನಿಂತು ತನ್ನ ಒಡತಿಯ ಕಡೆಗೆ ಬೆರಳು ತೋರಿಸಿದ ಈ ದೃಶ್ಯಕ್ಕಿಂತ ನಾಟಕೀಯವಾದುದು ಆ ಕಡತಗಳಲ್ಲಿ ಹೆಚ್ಚಿಲ್ಲ. ಹಾಗಿದ್ದರೂ ಲೋಕಕ್ಕೆ ಗೊತ್ತಿರುವುದು ವರ್ಣ ಬದಲಾದ ಟಿಟ್ಯೂಬಾಳ ಹೆಸರು. ಕ್ಯಾಂಡಿಯ ಹೆಸರನ್ನು ಬಲ್ಲವರು ಚರಿತ್ರೆಯ ವಿದ್ಯಾರ್ಥಿಗಳು ಮಾತ್ರ.

ಮುದುಕಿಯರನ್ನು ಮುದುಕಿಯರಾಗಿಯೇ ತೋರಿಸಿದ ಚಿತ್ರಗಳು ಇಲ್ಲದೆ ಇಲ್ಲ. ಡೆನ್ಮಾರ್ಕಿನ ಕಾರ್ಲ್ ಡ್ರೆಯರ್ ೧೯೪೩ರಲ್ಲಿ, ದೇಶವು ಜರ್ಮನರ ವಶದಲ್ಲಿದ್ದಾಗ, ತಯಾರಿಸಿದ 'ಕ್ರೋಧದಿನ' ಎಂಬ ಚಿತ್ರದಲ್ಲಿ ಹೆರ್ಲಾಫ್ಸ್ ಮಾರ್ಟೆ ಎಂಬ ವೃದ್ಧೆಯನ್ನು ಬೆಂಕಿಗೆ ಹಾಕುವ ಪ್ರಸಂಗವಿದೆ. ಆನ್ನಾ ಸ್ವಿಯರ್‌ಕಿಯರ್ ಎಂಬ ಹಿರಿಯ ನಟಿಯ ಸುಕ್ಕುಗಟ್ಟಿದ ಮೈಯನ್ನು ಕ್ಯಾಮೆರಾ ನಾಚಿಕೆಯಿಲ್ಲದೆ, ಗೌರವದಿಂದ ನೋಡುತ್ತದೆ. ಚೆಕ್ ನಿರ್ದೇಶಕ ಓಟಕರ್ ವಾವ್ರಾ ೧೯೭೦ರಲ್ಲಿ ಹೊರತಂದ ಚಿತ್ರವು, ಮೊರೇವಿಯಾ ಪ್ರಾಂತದಲ್ಲಿ ೧೬೭೮ರಲ್ಲಿ ನಡೆದಂತೆಯೇ, ಭಿಕ್ಷುಕ ಮುದುಕಿಯೊಬ್ಬಳು ಇಗರ್ಜಿಯ ಪ್ರಸಾದವನ್ನು ನುಂಗದೆ ಬಚ್ಚಿಟ್ಟುಕೊಳ್ಳುವುದರಿಂದ ಆರಂಭವಾಗುತ್ತದೆ. ಹಾಲು ಕೊಡದ ಹಸುವಿಗೆ ತಿನ್ನಿಸಲೆಂದು ಅವಳು ಅದನ್ನು ಒಯ್ದವಳು. ಅಷ್ಟರಿಂದ ಹುಟ್ಟಿದ ವಿಚಾರಣೆ ಕೊನೆಗೆ ಲಾಟ್ನರ್ ಎಂಬ ಹಿರಿಯ ಪಾದ್ರಿಯನ್ನೂ ೧೬೮೫ರಲ್ಲಿ ಸುಟ್ಟಿತು.

ಇವೆಲ್ಲಕ್ಕೂ ಮೊದಲಿನದು ಬೆಂಜಮಿನ್ ಕ್ರಿಸ್ಟೆನ್‌ಸೆನ್ ಎಂಬ ಡೇನನು ಸ್ವೀಡನ್ನಿನ ಕಂಪೆನಿಗಾಗಿ ತಯಾರಿಸಿದ 'ಹೆಕ್ಸನ್' ಎಂಬ ಮೂಕಚಿತ್ರ. ಇದು ೧೯೨೨ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಪ್ರದರ್ಶಿತವಾಯಿತು. ಹೈನ್ರಿಚ್ ಕ್ರಾಮರನು ೧೪೮೬ರ ಸುಮಾರಿಗೆ ಅಚ್ಚು ಮಾಡಿಸಿದ ದಂಡಕರ ಕೈಪಿಡಿಯನ್ನು ಕ್ರಿಸ್ಟೆನ್‌ಸೆನ್ ಓದಿ, ಏಳು ಅಧ್ಯಾಯಗಳ ಈ ಚಿತ್ರವನ್ನು ಅರ್ಧ ಉಪನ್ಯಾಸ ಅರ್ಧ ನಾಟಕವಾಗಿ ಕಟ್ಟಿದನು. ಸೈತಾನನ ವೇಷವನ್ನು ತಾನೇ ಹಾಕಿದನು. ದಂಡಿತರ ಸಂಖ್ಯೆ ಎಂಬತ್ತು ಲಕ್ಷಕ್ಕೂ ಮೇಲೆ ಎಂದು ಚಿತ್ರದ ಬರಹವು ಹೇಳುತ್ತದೆ. ಇದು ಹಿಂದಿನ ಕಾಲದ ಉತ್ಪ್ರೇಕ್ಷೆಯೆಂಬುದು ಈಗ ಸ್ಥಿರಪಟ್ಟಿದೆ. ಕಥಾಭಾಗದಲ್ಲಿ ಅಚ್ಚುಗಾರನೊಬ್ಬನು ಕಾಯಿಲೆ ಬೀಳುತ್ತಾನೆ. ಅವನ ಹೆಂಡತಿ ಆನ್ನಾ, ಮನೆಗೆ ತಿರಿದುಣ್ಣಲು ಬಂದ ಮರಿಯಾ ಎಂಬ ನೇಯ್ಗೆಯ ಮುದುಕಿಯ ಮೇಲೆ ದೂರು ಹೊರಿಸುತ್ತಾಳೆ. ಮುದುಕಿಯನ್ನು ಹಿಡಿದು ಹಿಂಸಿಸಿದಾಗ ಅವಳು ಕೇಳಿದ್ದಕ್ಕೆಲ್ಲ ಒಪ್ಪಿ, ತನಗೆ ಹಿಂದೆ ಕೆಡುಕು ಮಾಡಿದವರ ಹೆಸರುಗಳನ್ನೂ ಆ ಮನೆಯ ಹೆಂಗಸರ ಹೆಸರುಗಳನ್ನೂ ಹೇಳುತ್ತಾಳೆ. ಒಂದು ಮನೆಯೇ ಹಾಳಾಗುತ್ತದೆ.

ಇಲ್ಲಿ ಭಯಾನಕ ಚಿತ್ರದ ತೊಡಕು ತನ್ನ ಪೂರ್ಣರೂಪದಲ್ಲಿ ಕಾಣುತ್ತದೆ. ಮರಿಯಾ ಒಪ್ಪಿಕೊಂಡುದನ್ನೆಲ್ಲ ಕ್ರಿಸ್ಟೆನ್‌ಸೆನ್ ಚಿತ್ರೀಕರಿಸಿದ್ದಾನೆ: ರಾತ್ರಿಯ ಆಕಾಶದಲ್ಲಿ ಹಾರುವ ಹೆಂಗಸರು, ಶಿಲುಬೆಯನ್ನು ತುಳಿಯುವುದು, ಕೂಸನ್ನು ಕುದಿಯುವ ಪಾತ್ರೆಗೆ ಹಾಕುವುದು. ಇದು ಹಿಂಸೆಯಿಂದ ಹಿಂಡಿ ತೆಗೆದ ಸುಳ್ಳೆಂಬುದು ಪ್ರೇಕ್ಷಕನ ಬುದ್ಧಿಗೆ ಗೊತ್ತು. ಆದರೆ ಕಣ್ಣಿಗೆ ಹಾಗೆಂದು ಗೊತ್ತಾಗುವುದಿಲ್ಲ, ಕಣ್ಣಿಗೆ ಕಂಡುದೆಲ್ಲ ನಡೆದುದೇ. ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಕರ್ನಾ ಎಂಬವಳ ನೆಲಮಾಳಿಗೆಯಲ್ಲಿ ಮದ್ದು ಬೇಯುವುದನ್ನು ಯಾರ ತಪ್ಪೊಪ್ಪಿಗೆಯ ಚೌಕಟ್ಟೂ ಇಲ್ಲದೆ ನೇರವಾಗಿಯೇ ತೋರಿಸಿದೆ. ಆ ಮಟ್ಟಿಗೆ ಕೈಪಿಡಿಯನ್ನು ಬರೆದವನೇ ಚಿತ್ರದ ಸಹಲೇಖಕನಾಗಿದ್ದಾನೆ. ರೀವ್ಸನು ಭಯವನ್ನು ಸರಿಯಾದ ಕಡೆ ಇಟ್ಟು ಮುಖವನ್ನು ತಪ್ಪಿದನು. ಕ್ರಿಸ್ಟೆನ್‌ಸೆನ್ ಸೈತಾನನ ಚಪಲಕ್ಕೆ ಬಿದ್ದರೂ ಮುಖದ ವಿಷಯದಲ್ಲಿ ರಾಜಿ ಮಾಡಿಕೊಳ್ಳಲಿಲ್ಲ.

ಮರಿಯಾಳ ಪಾತ್ರವನ್ನು ವಹಿಸಿದವಳು ಮಾರೆನ್ ಪೆಡರ್‌ಸೆನ್, ಹೂ ಮಾರುತ್ತಿದ್ದ ಮುದುಕಿ, ನಟಿಯಲ್ಲ. ಹಲ್ಲಿಲ್ಲದ ಬಾಯಿ, ನೀರಾಡುವ ಕಣ್ಣು, ಗಟ್ಟಿಯಾಗಿ ಅಳಲೂ ತ್ರಾಣವಿಲ್ಲದ ಗಂಟಲು, ಇವನ್ನು ಕ್ಯಾಮೆರಾ ಬಹಳ ಹತ್ತಿರದಿಂದ, ಬಹಳ ಹೊತ್ತು ನೋಡುತ್ತದೆ. ದಂಡಕರು ತಿರುತಿರುಗಿ ಪ್ರಶ್ನೆ ಕೇಳುವಾಗ ಅವಳು ಕತ್ತೆತ್ತಿ ನೋಡುವ ನೋಟದಲ್ಲಿ ಪ್ರೇಕ್ಷಕನಿಗೆ ತನ್ನ ಮನೆಯ ಅಜ್ಜಿಯ ನೆನಪಾಗದಿರುವುದು ಕಷ್ಟ. ಎಲಿಜಬೆತ್ ಕ್ಲಾರ್ಕಳಿಗೆ ದೊರೆಯದೆ ಹೋದ ನ್ಯಾಯ ಇದು. ಚಿತ್ರದ ಕೊನೆಯ ಭಾಗದಲ್ಲಿ ಕ್ರಿಸ್ಟೆನ್‌ಸೆನ್ ಕಥೆಯನ್ನು ತಡೆದು, ಆ ಮುದುಕಿಯ ವಿಷಯವಾಗಿಯೇ ಒಂದು ಬರಹವನ್ನು ತೋರಿಸುತ್ತಾನೆ. ಚಿತ್ರೀಕರಣದ ನಡುವಿನ ಬಿಡುವಿನಲ್ಲಿ ಅವಳು ದಣಿದ ಮುಖವನ್ನೆತ್ತಿ, ಸೈತಾನನು ಇರುವುದು ನಿಜ, ತನ್ನ ಹಾಸಿಗೆಯ ಬಳಿ ಅವನು ಕುಳಿತಿದ್ದುದನ್ನು ತಾನೇ ಕಂಡಿದ್ದೇನೆ ಎಂದು ಅವನಿಗೆ ತಿಳಿಸಿದಳಂತೆ. ನಾನೂರು ವರ್ಷ ಮುಂಚೆ ಒಬ್ಬ ಗುಮಾಸ್ತನು ಬರೆದುಕೊಳ್ಳಲು ಕಾದಿದ್ದ ಮಾತು ಅದೇ. ಈ ಸಲ ಅದನ್ನು ಬರೆದುಕೊಂಡವನು ಚಿತ್ರದ ನಿರ್ದೇಶಕ, ಸೈತಾನನ ವೇಷವನ್ನು ಆಗತಾನೆ ಕಳಚಿಟ್ಟಿದ್ದವನು. ಅವಳು ಅದನ್ನು ಹೇಳಿ, ಮತ್ತೆ ದಂಡಕರ ಎದುರಿನ ತನ್ನ ಜಾಗಕ್ಕೆ ಹೋಗಿ ಕುಳಿತುಕೊಳ್ಳಬೇಕಾಗಿದ್ದಿತು.